ಅಪ್ಪನ ಚಾಲು, ಅವ್ವನ ಚಾಲು

ನಮ್ಮ ಮನೆಯ ಬಟ್ಟೆ ಒಗೆಯುವ ಮಿಷಿನ್ನಿಗೆ ಒಂದು ಕಾಲು ಗಿಡ್ಡ. ಕಾಲೇ ಗಿಡ್ಡವೋ, ಚಳ್ಳಕೆರೆಯ ಈ ಬಾಡಿಗೆ ಮನೆಯ ಹಿತ್ತಿಲ ನೆಲವೇ ಓರೆಯೋ, ಅದು ಬಂದ ದಿನದಿಂದ ಇವತ್ತಿನವರೆಗೆ ತೀರ್ಮಾನವಾಗಿಲ್ಲ. ನೀರು ತುಂಬಿಕೊಳ್ಳುವಾಗ, ಬಟ್ಟೆ ತಿರುವುವಾಗ ಸಂಭಾವಿತನ ಹಾಗೆ ಇರುತ್ತದೆ. ಹಿಂಡುವುದಕ್ಕೆ ಹೊರಟಿತೆಂದರೆ ಮಾತ್ರ ಧಡ್ ಧಡಕ್, ಧಡ್ ಧಡಕ್ ಎಂದು ಗೋಡೆಗೆ ಗುದ್ದಲು ತೊಡಗುತ್ತದೆ. ಮೊದಲ ಸಲ ಆ ಸದ್ದು ಕೇಳಿದಾಗ ನಾನು ಅಡುಗೆಮನೆಯಲ್ಲಿ ಹಿಟ್ಟಿನ ಕೈಯಲ್ಲಿ ನಿಂತಿದ್ದೆ. ಒಂದು ಗಳಿಗೆ ಎಲ್ಲಿದ್ದೇನೆಂದೇ ತಿಳಿಯಲಿಲ್ಲ. ಮೊಳಕಾಲ್ಮುರಿನ ನಮ್ಮ ಮನೆಯಲ್ಲಿ ಅಪ್ಪ ಮಗ್ಗದ ಹಣಿಗೆ ಬಡಿಯುತ್ತಿದ್ದ ಸದ್ದು ಅದು. ಒಂದು ಏಟು ಜೋರು, ಒಂದು ಏಟು ಮೆಲ್ಲಗೆ. "ಅಪ್ಪಾ, ಊಟಕ್ಕೇಳು" ಎಂಬ ಮಾತು ತುಟಿಯ ತನಕ ಬಂದುಬಿಟ್ಟಿತ್ತು. ಅಪ್ಪ ತೀರಿಹೋಗಿ ಆಗಲೇ ನಾಲ್ಕು ವರ್ಷವಾಗಿತ್ತು. ಬೆಳಗಿನಿಂದ ಅತ್ತೂ ಅತ್ತೂ ನನ್ನ ಜೀವ ಹಿಂಡಿದ್ದ ಕೈಗೂಸು, ನನ್ನ ಮಗ, ಆ ಸದ್ದಿಗೆ ಕಣ್ಣು ಮುಚ್ಚಿ ನಿದ್ದೆ ಹೋದ. ನಮ್ಮ ಕಡೆಯ ಕಿವಿಯೇ ಅವನಿಗೆ ಬಂದಿದೆ ಎಂದುಕೊಂಡೆ.

ಮೊಳಕಾಲ್ಮುರಿನ ಬೆಟ್ಟದ ಬುಡದ ಬೀದಿಯಲ್ಲಿ ನಮ್ಮದು ಎರಡಂಕಣದ ಮನೆ. ಮುಂದಿನ ಅಂಕಣವೆಲ್ಲ ಮಗ್ಗದ್ದು. ಉಳಿದದ್ದರಲ್ಲಿ ಅಡುಗೆ, ದೇವರು, ಜೇಜಿಯ ಮಂಚ, ನಾವು. ಅಪ್ಪನ ತಾಯಿಯನ್ನು ನಾವು ಜೇಜಿ ಎಂದೇ ಕರೆಯುತ್ತಿದ್ದೆವು, ಅಪ್ಪನ ಕಡೆಯದೆಲ್ಲ ತೆಲುಗು. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಅಪ್ಪ ದಂಡೆಯ ಮೇಲೆ ಕೂತು ನೇಯುತ್ತಿದ್ದ. ಬೇಸಿಗೆಯಲ್ಲಿ ಬೆಟ್ಟದ ಬಂಡೆಗಳೆಲ್ಲ ಕಾದು ಊರಿಗೆ ಊರೇ ಬೇಯುವಾಗಲೂ ಆ ಗುಂಡಿ ತಣ್ಣಗಿರುತ್ತಿತ್ತು. ಅಪ್ಪ ಎದ್ದು ಹೋದಾಗ ನಾನು ಅದರೊಳಗೆ ಇಳಿದು ಕೂರುತ್ತಿದ್ದೆ. ಹಸಿ ಮಣ್ಣಿನ ವಾಸನೆ, ಅಪ್ಪನ ಬೆವರಿನ ವಾಸನೆ, ಬಣ್ಣ ಕುಡಿದ ರೇಷ್ಮೆಯ ಸಣ್ಣ ಹುಳಿ ವಾಸನೆ. ಮನೆಯಲ್ಲಿ ಕಳೆದುಹೋದದ್ದೆಲ್ಲ ಅಲ್ಲೇ ಸಿಗುತ್ತಿತ್ತು, ನನ್ನ ಬಳಪ, ಅಂಗಿಯ ಬಟನ್ನು, ಜೇಜಿಯ ಅಡಿಕೆ ಚೂರು. ನನ್ನ ತಮ್ಮ ಆಗ ಎಳೆಗೂಸು. ತೊಲೆಗೆ ಹಳೆಯ ಸೀರೆಯ ಜೋಲಿ ಕಟ್ಟಿ, ಅದರ ದಾರದ ತುದಿಯನ್ನು ಅವ್ವ ತನ್ನ ಕಾಲ್ಬೆರಳಿಗೆ ಸಿಕ್ಕಿಸಿಕೊಳ್ಳುತ್ತಿದ್ದಳು. ಮಗ್ಗ ಆಡುತ್ತಿರುವಷ್ಟು ಹೊತ್ತೂ ಅವನಿಗೆ ನಿದ್ದೆ, ಮಗ್ಗ ನಿಂತ ಗಳಿಗೆಯೇ ಎಚ್ಚರ. ಬೇರೆಯವರ ಮನೆಯಲ್ಲಿ ಕೂಸು ಮಲಗಿದೆ, ಸದ್ದು ಮಾಡಬೇಡಿ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಕೂಸು ಮಲಗಿದೆ, ಮಗ್ಗ ನಿಲ್ಲಿಸಬೇಡಿ ಎನ್ನುತ್ತಿದ್ದರು.

ಅವ್ವ ಚಳ್ಳಕೆರೆಯ ಮಗಳು. ಅವಳ ಅಪ್ಪ ದಾವಣಗೆರೆ ಕಡೆಯಿಂದ ಬಂದು ಇಲ್ಲಿನ ಒಂದು ಕಡಲೆಕಾಯಿ ಎಣ್ಣೆ ಮಿಲ್ಲಿನಲ್ಲಿ ಮಿಷಿನ್ ನೋಡಿಕೊಳ್ಳುತ್ತಿದ್ದ. ಅವರ ಮನೆಗೆ ತೆಲುಗು ಕಾಲಿಟ್ಟಿರಲಿಲ್ಲ. ಬೆಳಗಾದರೆ ಮಿಲ್ಲಿನ ಅಂಗಳದಲ್ಲಿ ತಾತ "ಚಾಲೂ" ಎಂದು ಕೂಗುವುದು, ಪಟ್ಟಿ ತಿರುಗಿ ಗಾಣ ಶುರುವಾಗುವುದು, ಇದನ್ನು ಕೇಳಿಯೇ ಬೆಳೆದವಳು. ಮದುವೆಯಾಗಿ ಬಂದ ಮೊದಲ ದಿನ ಅಪ್ಪನಿಗೆ ಅನ್ನ ಬಡಿಸುತ್ತಿದ್ದಾಳೆ. ಅಪ್ಪ "ಚಾಲು" ಎಂದ. ತೆಲುಗಿನಲ್ಲಿ ಹಾಗೆಂದರೆ ಸಾಕು. ಅವ್ವನ ಕಿವಿಯಲ್ಲಿ ಹಾಗೆಂದರೆ ಶುರು ಮಾಡು. ಇನ್ನೊಂದು ಸೌಟು ಹಾಕಿದಳು. "ಚಾಲು, ಚಾಲು" ಎಂದ. ಇನ್ನೆರಡು ಸೌಟು. ಹೊಸ ಹೆಂಡತಿ ಬಡಿಸಿದ್ದನ್ನು ಬಿಡುವುದು ಹೇಗೆಂದು ಅಪ್ಪ ಅಷ್ಟನ್ನೂ ತಿಂದು, ಆ ಮಧ್ಯಾಹ್ನ ಗುಂಡಿಗಿಳಿಯಲಾರದೆ ಗೋಡೆಗೊರಗಿ ಕೂತನಂತೆ. ಮನೆಗೆ ಯಾರೇ ಬಂದರೂ ಜೇಜಿ ಈ ಕಥೆ ಹೇಳದೆ ಅವರಿಗೆ ಕಾಫಿ ಕೊಡಿಸುತ್ತಿರಲಿಲ್ಲ. ಅವ್ವ ಪ್ರತಿ ಸಲವೂ ಸೆರಗು ಬಾಯಿಗೆ ಹಿಡಿದು ಒಳಗೆ ಹೋಗುತ್ತಿದ್ದಳು.

ಆದರೆ ಮಗ್ಗದ ಮುಂದೆ ಈ ಮಾತಿಗೆ ಬೇರೆಯೇ ಬೆಲೆ ಬಂತು. ಸೀರೆಯ ಒಡಲಿಗೊಂದು ಬಣ್ಣ, ಎರಡು ಬದಿಯ ಅಂಚಿಗೊಂದು ಬಣ್ಣ ಬರಬೇಕಾದರೆ ಅಡ್ಡ ಎಳೆ ಒಯ್ಯುವ ಲಾಳಿ ಮೂರು ಬೇಕು, ಮೂರನ್ನೂ ಒಬ್ಬನೇ ಆಡಿಸಲಾಗದು. ಅಪ್ಪನ ಬಲಗಡೆ ಅವ್ವ ಕೂತು ಅಂಚಿನ ಲಾಳಿ ಆಡಿಸುತ್ತಿದ್ದಳು. ಅಪ್ಪ ತನ್ನ ಲಾಳಿಯನ್ನು ಅಂಚಿನವರೆಗೆ ತಂದು, ಎಳೆ ಬಿಗಿದು, ತನ್ನದು ಮುಗಿಯಿತು ಎಂಬರ್ಥದಲ್ಲಿ "ಚಾಲು" ಎನ್ನುತ್ತಿದ್ದ. ಅವ್ವ ಅದನ್ನು ಶುರು ಮಾಡು ಎಂದು ಕೇಳಿಸಿಕೊಂಡು ತನ್ನ ಲಾಳಿ ಎಸೆಯುತ್ತಿದ್ದಳು. ಅವನ ಭಾಷೆಯಲ್ಲಿ ಅವನು ಸರಿ, ಅವಳ ಭಾಷೆಯಲ್ಲಿ ಅವಳು ಸರಿ, ಎರಡು ಬಣ್ಣದ ಎಳೆಗಳು ಒಂದನ್ನೊಂದು ಹಿಡಿದುಕೊಂಡು ಅಂಚು ಮುಂದಕ್ಕೆ ಹೋಗುತ್ತಿತ್ತು. ದಿನಕ್ಕೆ ಸಾವಿರ ಸಲವಾದರೂ ಆ ಮಾತು ನನ್ನ ಕಿವಿಗೆ ಬಿದ್ದಿರಬೇಕು. ಅವರಿಬ್ಬರು ಪ್ರೀತಿಯ ಮಾತಾಡಿದ್ದನ್ನು ನಾನು ಕೇಳಿಲ್ಲ. ಹೆಸರು ಹಿಡಿದು ಕರೆದದ್ದನ್ನೂ ಕೇಳಿಲ್ಲ. ಕೇಳಿದ್ದು ಇದೊಂದೇ.

ನಾನು ಒಂದನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಅವ್ವನ ಒಬ್ಬನೇ ತಮ್ಮನ ಮದುವೆ ಬಂತು. ಮದುಮಗನ ಅಕ್ಕ ಅವಳು, ಕಳಸ ಹಿಡಿಯಬೇಕಾದವಳು. ನಾಲ್ಕು ದಿನ ಮುಂಚೆಯೇ ಹೋಗುತ್ತೇನೆಂದು ಬಟ್ಟೆ ಒಗೆದು ಮಡಚಿಟ್ಟಿದ್ದಳು. ಮಗ್ಗದ ಮೇಲೆ ಯಾರದೋ ಮದುವೆಯ ಸೀರೆ ಅರ್ಧಕ್ಕೆ ನಿಂತಿತ್ತು, ಅದಕ್ಕೂ ಮುಹೂರ್ತ ಗೊತ್ತಾಗಿತ್ತು. ಅಪ್ಪ ಬಿಡಲಿಲ್ಲ. ಮುಹೂರ್ತದ ದಿನ ಮೊದಲ ಬಸ್ಸಿಗೆ ಹೋಗಿ ನಾವು ಚಳ್ಳಕೆರೆ ತಲುಪುವಷ್ಟರಲ್ಲಿ ಕಳಸ ಬೇರೆ ಯಾರದೋ ಕೈಯಲ್ಲಿತ್ತು. ಅವ್ವ ಚಪ್ಪರದ ಕಂಬ ಹಿಡಿದು ನಿಂತದ್ದು ನನಗೆ ಚೆನ್ನಾಗಿ ನೆನಪಿದೆ. ಅತ್ತಿದ್ದರೆ ವಾಸಿಯಿತ್ತು. ಮನೆಗೆ ವಾಪಸಾದ ಮೇಲೆ ಮಾತು ನಿಲ್ಲಿಸಿದಳು. ಎರಡು ದಿನ ಮೂಕಿಯ ಹಾಗೆ ಮಗ್ಗಕ್ಕೆ ಕೂತಳು, ಅಂಚಿನ ಎಳೆಗಳು ತಪ್ಪಿ ಅಪ್ಪ ಬಿಚ್ಚಿ ಬಿಚ್ಚಿ ಸುಸ್ತಾದ. ಮೂರನೆಯ ದಿನ ಅವಳು ಮಗ್ಗದ ಹತ್ತಿರ ಬರಲೇ ಇಲ್ಲ. "ನಿಮ್ಮಪ್ಪಂಗೆ ಹೇಳು, ನೀರು ಕಾದೈತೆ." "ಮೀ ಅಮ್ಮಕು ಚೆಪ್ಪು, ನಾಕು ವದ್ದು." ಬೇಡವೆಂದು ಹೇಳು ನಿಮ್ಮಮ್ಮನಿಗೆ, ಎಂದರ್ಥ. ಮಗ್ಗದಿಂದ ಒಲೆಗೆ, ಒಲೆಯಿಂದ ಮಗ್ಗಕ್ಕೆ, ತೆಲುಗು ಹೊತ್ತುಕೊಂಡು ಹೋಗಿ ಕನ್ನಡ ಹೊತ್ತುಕೊಂಡು ಬರುವುದು ನನ್ನ ಕೆಲಸವಾಯಿತು. ಸುಳ್ಳೇಕೆ ಹೇಳಲಿ, ಮೊದಮೊದಲು ನನಗೆ ಅದು ಆಟವಾಗಿತ್ತು.

ಮಗ್ಗ ನಿಂತದ್ದಕ್ಕೆ ತಮ್ಮ ಮಲಗುವುದನ್ನು ಬಿಟ್ಟ. ಮೂರು ದಿನ ಅವನು ಅತ್ತ ಅಳು ಬೀದಿಯ ತುದಿಗೆ ಕೇಳುತ್ತಿತ್ತು. ಆರನೆಯ ದಿನ ಮಧ್ಯಾಹ್ನ ಅವ್ವ ಬ್ಯಾಗು ತೆಗೆದು ಬಟ್ಟೆ ತುಂಬತೊಡಗಿದಳು. ತಮ್ಮನ ಲಂಗೋಟಿಗಳನ್ನು ಮೊದಲು ಇಟ್ಟಳು, ಅದರ ಮೇಲೆ ನನ್ನ ಎರಡು ಫ್ರಾಕು. ಮಂಚದ ಮೇಲೆ ಜೇಜಿ ಗೋಡೆ ಕಡೆಗೆ ತಿರುಗಿ ಮಲಗಿದ್ದಳು. ನಾನು ಮುಂದಿನ ಅಂಕಣಕ್ಕೆ ಓಡಿದೆ. ಅಪ್ಪ ಗುಂಡಿಯಲ್ಲಿ ಕಾಲು ಬಿಟ್ಟುಕೊಂಡು ಸುಮ್ಮನೆ ಕೂತಿದ್ದ, ಲಾಳಿ ತೊಡೆಯ ಮೇಲಿತ್ತು. "ಅವ್ವ ಬಟ್ಟೆ ತುಂಬ್ತಾಳೆ" ಎಂದೆ. ಅವನು ನನ್ನ ಕಡೆ ನೋಡಲಿಲ್ಲ. "ಇಂಕ ಚಾಲು ಅನಿ ಚೆಪ್ಪು" ಎಂದ. ಇನ್ನು ಚಾಲು ಎಂದು ಹೇಳು. ಮಗ್ಗದ ಮುಂದೆ ಕೂತವನು ಚಾಲು ಎಂದರೆ ನನಗೆ ಗೊತ್ತಿದ್ದ ಅರ್ಥ ಒಂದೇ. ಓಡಿಹೋಗಿ, "ಅವ್ವಾ, ಅಪ್ಪ ಚಾಲು ಅಂತಾನೆ, ಮಗ್ಗಕ್ಕೆ ಬರ್ಬೇಕಂತೆ" ಎಂದೆ. ಅವ್ವ ಕೈಯಲ್ಲಿದ್ದ ಸೀರೆಯನ್ನು ಹಾಗೇ ಹಿಡಿದುಕೊಂಡು ನನ್ನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಸೀರೆಯನ್ನು ಗೂಟಕ್ಕೆ ಹಾಕಿ, ತಮ್ಮನನ್ನು ಜೋಲಿಗೆ ಹಾಕಿ, ದಾರವನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಅಪ್ಪನ ಬಲಗಡೆ ಹೋಗಿ ಕೂತಳು. ಅಪ್ಪ ಬೆಪ್ಪಾದವನ ಹಾಗೆ ಅವಳನ್ನು ನೋಡಿ, ತೊಡೆಯ ಮೇಲಿದ್ದ ಲಾಳಿಯನ್ನು ಎತ್ತಿ ಎಸೆದ. ತಮ್ಮ ಬಿಕ್ಕುತ್ತ ಬಿಕ್ಕುತ್ತ ಮಲಗಿಬಿಟ್ಟ.

ಅಪ್ಪನ ಮಾತಿನ ಅರ್ಥ ನನಗೆ ಹೊಳೆದದ್ದು ಹೈಸ್ಕೂಲಿಗೆ ಬಂದ ಮೇಲೆ. ಅವನು ಅಂದದ್ದು ಶುರು ಮಾಡು ಎಂದಲ್ಲ. ಸಾಕು, ಹೋಗಲಿ, ಈ ಸಂಸಾರ ಇಲ್ಲಿಗೆ ಮುಗಿಯಲಿ ಎಂದು. ಅದನ್ನು ನಾನು ತಿರುವಿ ಹೇಳಿದ್ದೆ. ಅವತ್ತಿನಿಂದ ಮನಸ್ಸಿನೊಳಗೆ ಒಂದು ಗುಟ್ಟಿನ ಜಂಬ, ಅದರ ಬೆನ್ನಿಗೇ ಒಂದು ಭಯ. ತಪ್ಪು ತಿಳಿದುಕೊಂಡ ಒಂದು ಮಾತಿನ ಮೇಲೆ ನಮ್ಮ ಮನೆ ನಿಂತಿದೆ, ಪಾಪ ಅವ್ವ ಏನೂ ತಿಳಿಯದೆ ಮೋಸಹೋದಳು ಎಂದೇ ಅಂದುಕೊಂಡಿದ್ದೆ. ಅವರಿಬ್ಬರೂ ಆಮೇಲೆ ಇಪ್ಪತ್ತು ವರ್ಷಕ್ಕೂ ಮೇಲೆ ಒಟ್ಟಿಗೆ ನೇಯ್ದರು. ಅಪ್ಪ ಹೋದ ಮೇಲೆ ನನ್ನ ತಮ್ಮ ಮಗ್ಗ ಬಿಚ್ಚಿ ಮಾರಿ, ಗುಂಡಿ ಮುಚ್ಚಿಸಿ, ಮುಂದಿನ ಅಂಕಣಕ್ಕೆ ಬಿಳಿ ಟೈಲ್ಸ್ ಹಾಕಿಸಿ ಮೊಬೈಲ್ ರಿಪೇರಿ ಅಂಗಡಿ ತೆರೆದ. ಅವನನ್ನು ಬೈಯಲಾರೆ, ಅವನೂ ಬದುಕಬೇಕು. ನನ್ನ ಪಾಲಿಗೆ ಒಂದು ಲಾಳಿ ಬಂತು, ನನ್ನ ಮಗ ಅದನ್ನು ಬಸ್ಸು ಮಾಡಿಕೊಂಡು ನೆಲದ ಮೇಲೆ ಓಡಿಸುತ್ತಾನೆ.

ಈಗ ನನ್ನ ಸಂಸಾರದ ಮಾತಿಗೆ ಬರುತ್ತೇನೆ. ನಮ್ಮ ಮನೆಯವರು ಬಿ.ಜಿ. ಕೆರೆಯವರು, ಕುದಾಪುರದ ಕಡೆಯ ಕ್ಯಾಂಪಸ್ಸಿಗೆ ಕೆಲಸದವರನ್ನು ಕರೆದುಕೊಂಡು ಹೋಗುವ ಬಸ್ಸಿನ ಡ್ರೈವರ್. ನಾನು ರಕ್ತ ಪರೀಕ್ಷೆ ಮಾಡುವ ಒಂದು ಲ್ಯಾಬಿನಲ್ಲಿದ್ದೇನೆ. ಮಗಳು ಸಿರಿಗೆ ಆರು, ಮಗ ಗುಂಡನಿಗೆ ಮೂರು. ಮಕ್ಕಳು ಸಣ್ಣವರಿರುವಾಗ ಗಂಡಹೆಂಡತಿಯ ನಡುವೆ ಎಂಥ ಮಾತಿರುತ್ತದೆ ಎಂದು ನಿಮಗೆ ಗೊತ್ತೇ ಇದೆ. ಔಷಧಿ ಹಾಕಿದ್ಯಾ, ಹಾಲು ತಂದ್ರಾ, ಇವನನ್ನ ಹಿಡ್ಕೊಳ್ರಿ, ನಾನು ಸ್ನಾನ ಮಾಡಿ ಬರ್ತೀನಿ. ಅಷ್ಟೂ ನಿಂತುಹೋದದ್ದು ಹೋದ ಬೇಸಿಗೆಯಲ್ಲಿ, ಗುಂಡನ ಕೂದಲಿನಿಂದ. ಭುಜಕ್ಕೆ ಬೀಳುವ ಗುಂಗುರು ಕೂದಲು ಅವನದು. ಮೊದಲ ಮುಡಿಯನ್ನು ಸೋದರಮಾವನ ತೊಡೆಯ ಮೇಲೆ ಕೂರಿಸಿ ತೆಗೆಸಬೇಕೆಂದು, ನನ್ನ ತಮ್ಮ ಮಗುವಿಗೆ ಬಟ್ಟೆ ಹೊಲಿಸಿ ಕಾಯುತ್ತಿದ್ದ. ಅವರಿಗೆ ರಜೆಯಿದ್ದ ಒಂದು ಬುಧವಾರ ನಾನು ಲ್ಯಾಬಿನಿಂದ ಬರುವಷ್ಟರಲ್ಲಿ ಮಗನ ತಲೆ ಬೋಳು. "ಸೆಕೆಗೆ ತಲೆ ತುಂಬ ಗುಳ್ಳೆ ಎದ್ದಿದ್ವು, ಕೆರ್ಕಂಡು ಅಳ್ತಿದ್ದ. ಕೂದ್ಲು ತಾನೆ, ಬೆಳೀತೈತೆ ಬಿಡು" ಎಂದರು. ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಮನೆಯಲ್ಲಿದ್ದವರಿಗೆ ಗುಳ್ಳೆ ಕಾಣುತ್ತೆ, ದುಡಿಯೋಕೆ ಹೋದವಳನ್ನು ಒಂದು ಮಾತು ಕೇಳಬೇಕು ಅನ್ನೋದು ಕಾಣಲ್ಲ ಎಂದೆ. ಅವರೂ ಏನೋ ಅಂದರು. ಈಗ ನಿಜ ಹೇಳುತ್ತೇನೆ, ನನಗೆ ನೋವಾದದ್ದು ಮುಡಿಗಲ್ಲ, ತಮ್ಮನಿಗೂ ಅಲ್ಲ. ದಿನಾ ಬೆಳಿಗ್ಗೆ ಐದು ನಿಮಿಷ ಆ ಕೂದಲಿಗೆ ಎಣ್ಣೆ ಹಚ್ಚಿ ಬಾಚುವಾಗ ಮಾತ್ರ ಗುಂಡ ನನ್ನ ತೊಡೆಯ ಮೇಲೆ ಅಲ್ಲಾಡದೆ ಕೂರುತ್ತಿದ್ದ. ಆ ಐದು ನಿಮಿಷ ಹೋಯಿತು.

ಹನ್ನೊಂದು ದಿನ ನಾವು ಮಾತಾಡಲಿಲ್ಲ. "ನಿಮ್ಮಪ್ಪಂಗೆ ಹೇಳು, ತಿಂಡಿ ಆಗೈತೆ" ಎಂದು ಸಿರಿಗೆ ಹೇಳಿದ ದಿನ ನನ್ನ ದನಿ ನನಗೇ ಅವ್ವನ ದನಿಯಾಗಿ ಕೇಳಿಸಿತು, ಆದರೂ ನಿಲ್ಲಿಸಲಿಲ್ಲ. ಹಟ ಎಂಬುದು ಹಾಗೆ, ತಪ್ಪೆಂದು ಗೊತ್ತಾದ ಮೇಲೂ ರುಚಿಸುತ್ತದೆ. ಸಿರಿ ಮಾತ್ರ ನನ್ನ ಹಾಗೆ ಪೆದ್ದಿಯಲ್ಲ, ಪ್ರತಿಯೊಂದಕ್ಕೂ ಅರ್ಥ ಕೇಳುವವಳು. ಆ ವಾರವೇ ಅವಳ ಪುಸ್ತಕದಲ್ಲಿ ಸಾಕು ಪ್ರಾಣಿಗಳ ಪಾಠ ಕಣ್ಣಿಗೆ ಬಿದ್ದಿತ್ತು. "ಅಮ್ಮ, ಸಾಕು ಪ್ರಾಣಿ ಅಂದ್ರೆ ಸಾಕಾಗಿ ಹೋಗಿರೋ ಪ್ರಾಣಿನಾ?" ಎಂದಳು. ಅಲ್ಲ, ಸಾಕುವುದು ಎಂದರೆ ಊಟ ಹಾಕಿ, ನೋಡಿಕೊಂಡು, ದೊಡ್ಡದು ಮಾಡುವುದು ಎಂದೆ. "ಮತ್ತೆ ಸಾಕು ಸಾಕು ಅಂತ ನೀನು ಅಂತೀಯಲ್ಲ, ಅದು?" ಎಂದಳು. ಅದು ಬೇರೆ ಸಾಕು, ಇದು ಬೇರೆ ಸಾಕು ಎಂದು ಹೇಳಿ ಪಾತ್ರೆ ತೊಳೆಯಲು ಎದ್ದು ಹೋದೆ.

ಹನ್ನೊಂದನೆಯ ದಿನ ಮಕ್ಕಳನ್ನು ಕರೆದುಕೊಂಡು ಮೊಳಕಾಲ್ಮುರಿಗೆ ಹೋದೆ. ಗಂಡನ ಮೇಲೆ ದೂರು ಹೇಳಲೆಂದೇ ಹೋದದ್ದು. ಅವ್ವ ಗುಂಡನ ಬೋಳು ತಲೆ ಸವರಿ, "ಥೇಟ್ ನಿಮ್ಮ ತಾತನ ಬುರುಡೆ" ಎಂದು ನಕ್ಕಳು. ತಮ್ಮನೂ ಬೇಜಾರು ಮಾಡಿಕೊಳ್ಳಲಿಲ್ಲ. ಗುಂಡನನ್ನು ತೊಡೆಯ ಮೇಲೆ ಕೂರಿಸಿಕೊಂಡು ಗುಳ್ಳೆಗಳಿಗೆ ಎಣ್ಣೆ ಹಚ್ಚಿದ. "ಅಮ್ಮ ಅಪ್ಪ ಟೂ ಬಿಟ್ಟವ್ರೆ, ನಾನೇ ಎಲ್ಲಾ ಹೇಳ್ಬೇಕು" ಎಂದು ಸಿರಿ ಗುಟ್ಟು ಒಡೆದಳು. ಅವ್ವ ನೆಲ ಒರೆಸುತ್ತಿದ್ದಳು. ಗುಂಡಿ ಮುಚ್ಚಿದ ಕಡೆ ಮಣ್ಣು ಕುಸಿದು ನಾಲ್ಕು ಟೈಲ್ಸ್ ಸ್ವಲ್ಪ ತಗ್ಗಾಗಿವೆ, ಒರೆಸಿದ ನೀರೆಲ್ಲ ಅಲ್ಲಿ ಬಂದು ನಿಲ್ಲುತ್ತದೆ. ಆ ನೀರನ್ನು ಬಟ್ಟೆಗೆ ತೆಗೆದು ಬಕೆಟ್ಟಿಗೆ ಹಿಂಡುತ್ತ, "ಆ ಸಲ ನೀನು ಬಂದು ಚಾಲು ಅಂದ್ಯಲ್ಲ, ನೆನಪೈತಾ?" ಎಂದಳು. ಇಷ್ಟು ವರ್ಷದ ಮೇಲೆ ತಪ್ಪು ಒಪ್ಪಿಕೊಳ್ಳುವವಳ ಹಾಗೆ, "ಅಪ್ಪ ಅಂದಿದ್ದು ಅದಲ್ಲ ಕಣವ್ವ. ಸಾಕು ಅಂದಿದ್ದ. ನಾನೇ ತಪ್ಪು ಹೇಳ್ದೆ" ಎಂದೆ. ಅವ್ವ ಬಟ್ಟೆ ಹಿಂಡುವುದನ್ನು ನಿಲ್ಲಿಸಲಿಲ್ಲ.

"ನಂಗೊತ್ತಿರ್ಲಿಲ್ಲ ಅಂದ್ಕಂಡಿದ್ದೇನು? ಈ ಮನೇಗೆ ಬಂದು ಎಂಟು ವರ್ಷ ಆಗಿತ್ತು. ತೆಲುಗಿನಾಗೆ ಬೈಯೋಕೂ ಕಲ್ತಿದ್ದೆ. ಅವ್ರು ಏನಂದಿದ್ರು ಅಂತ ನೀನು ಬಾಯಿ ಬಿಟ್ಟಾಗ್ಲೇ ಗೊತ್ತಾತು."

"ಮತ್ತೆ ಯಾಕೆ ಹೋಗಿ ಕುಂತೆ?"

"ಕೂಸು ಮೂರು ದಿನದಿಂದ ಮಲಗಿರ್ಲಿಲ್ಲ. ನಂಗೂ ಹೋಗಾಕೆ ಮನಸಿರ್ಲಿಲ್ಲ. ಒಂದು ಮಾತಿಗೆ ಎರಡು ಅರ್ಥ ಇದ್ವು, ನಂಗೆ ಬೇಕಾಗಿದ್ದನ್ನ ಕೇಳಿಸ್ಕಂಡೆ."

ಅಪ್ಪನಿಗೆ ಇದು ಗೊತ್ತಿತ್ತೇ ಎಂದು ಕೇಳಿದೆ. "ಅವ್ರು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ" ಎಂದಳು. ಬಟ್ಟೆಯನ್ನು ಮತ್ತೆ ನೆಲಕ್ಕೆ ಹಾಕಿ, "ಆದ್ರೆ ಆಮೇಲೆ ಊಟಕ್ಕೆ ಕುಂತಾಗ ಅವ್ರು ಒಂದಿನಾನೂ ಚಾಲು ಅನ್ಲಿಲ್ಲ" ಎಂದಳು. ಅದು ನಿಜ. ನಾನು ಬುದ್ಧಿ ತಿಳಿದ ಮೇಲೆ ಕಂಡದ್ದೂ ಅದನ್ನೇ. ಅಪ್ಪ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು ತಲೆಯಾಡಿಸುತ್ತಿದ್ದ, ಅಷ್ಟೇ. ಜೇಜಿ ಹಳೆಯ ಕಥೆ ತೆಗೆದರೂ ನಗುತ್ತಿರಲಿಲ್ಲ. ಆ ಮಾತನ್ನು ಮಗ್ಗದ ಮುಂದೆ ಮಾತ್ರ ಆಡುತ್ತಿದ್ದ. ಅದರ ಕಾರಣ ನನಗೆ ತಿಳಿದದ್ದು ಆ ತಗ್ಗು ಟೈಲ್ಸಿನ ಪಕ್ಕ ಕೂತಾಗ. ಸಾಕು ಎಂಬ ಅರ್ಥದಲ್ಲಿ ಆ ಮಾತು ಅವಳ ಮುಂದೆ ಮತ್ತೆ ಬರಬಾರದೆಂದು. ಅಪ್ಪ ಇದ್ದಿದ್ದರೆ ಅವನ ಕಾಲ ಬಳಿ ಕೂತು ಅತ್ತುಬಿಡುತ್ತಿದ್ದೆ. ಅವನ ಕಾಲಿರುತ್ತಿದ್ದ ಜಾಗದಲ್ಲಿ ಈಗ ಮಣ್ಣು ತುಂಬಿದೆ.

ಮಾರನೆಯ ದಿನ ಭಾನುವಾರ. ಹಿತ್ತಿಲಲ್ಲಿ ಮಿಷಿನ್ ಓಡುತ್ತಿತ್ತು, ಗುಂಡ ಒಳಗೆ ಮಲಗಿದ್ದ. ನಮ್ಮ ಮನೆಯವರು ಸಿರಿಯನ್ನು ಪಕ್ಕ ಕೂರಿಸಿಕೊಂಡು ಊಟಕ್ಕೆ ಕೂತಿದ್ದರು. ಮುದ್ದೆ, ಹುರುಳಿ ಸಾರು. ಅರ್ಧ ಮುದ್ದೆಯೂ ಮುಗಿದಿರಲಿಲ್ಲ, ಕೈ ತಟ್ಟೆಯಲ್ಲೇ ನಿಂತಿತು. ನನ್ನ ಕಡೆ ನೋಡದೆ, "ಸಾಕು ಅಂತ ಹೇಳಮ್ಮ ನಿಮ್ಮಮ್ಮಂಗೆ" ಎಂದರು. ಮುದ್ದೆಯ ಸಾಕೋ, ಮುನಿಸಿನ ಸಾಕೋ, ನನ್ನ ಜೊತೆಗಿನ ಬದುಕೇ ಸಾಕೋ, ದನಿಯಿಂದ ತಿಳಿಯುವಂತಿರಲಿಲ್ಲ. ಸಿರಿ ನನ್ನ ಕಡೆ ತಿರುಗಿದಳು. "ಅಮ್ಮ, ಅಪ್ಪ ಸಾಕು ಅಂದ್ರು. ಯಾವ ಸಾಕು ಅಂತ ಕೇಳ್ಲಾ?"

"ಕೇಳ್ಬ್ಯಾಡ" ಎಂದೆ. "ನಂಗೆ ಕೇಳಿಸ್ತು."

ಸಾರಿನ ಪಾತ್ರೆ ಹಿಡಿದುಕೊಂಡು ಹೋಗಿ ಅವರ ಬಲಗಡೆ ಕೂತೆ. "ಸಾರು ಹಾಕ್ಲೇನ್ರಿ?" ಎಂದೆ. ಅವರು ತಲೆಯೆತ್ತಿ ನೋಡಿದರು. ಹನ್ನೆರಡು ದಿನದ ಮೇಲೆ ನೋಡಿದ ಮುಖ, ಗಡ್ಡದಲ್ಲಿ ಎರಡು ಬಿಳಿ ಕೂದಲು ನನಗೆ ಹೊಸದಾಗಿ ಕಂಡವು.

"ಹಾಕು" ಎಂದರು. ಎರಡು ತುತ್ತು ಉಂಡ ಮೇಲೆ, "ಆ ಮಿಷಿನ್ ಕೆಳಗೆ ಒಂದು ಹಲಗೆ ಚೂರು ಕೊಡ್ಬೇಕು. ಗೋಡೆನೇ ಕೆಡವ್ತೈತೆ" ಎಂದರು.

"ಇರ್ಲಿ ಬಿಡ್ರಿ. ಅವ್ನು ಮಲಗವ್ನೆ."

"ಎಷ್ಟು ದಿನ ಹಿಂಗೇ ಬಿಡೋದು?"

"ಅವ್ನು ದೊಡ್ಡೋನಾಗೋ ಗಂಟ."

ಮಾತಿನ ನಡುವೆ ಮಿಷಿನ್ ಒಂದು ಏಟು ಜೋರಾಗಿ, ಒಂದು ಏಟು ಮೆಲ್ಲಗೆ ಬಡಿದು ನಿಂತಿತು. ಸದ್ದು ನಿಂತರೆ ಎದ್ದು ಕೂರುವವನು ಗುಂಡ. ಅವತ್ತು ಏಳಲಿಲ್ಲ. ನಾವಿಬ್ಬರೂ ಇನ್ನೂ ಮಾತಾಡುತ್ತಿದ್ದೆವು.